ಕಲ್ಲಿನ ವೇಗ ಅಳೆದ ಮೇಷ್ಟ್ರು

ತೆಂಗಿನಕಾಯಿ ಆರಿಸುವುದರಲ್ಲಿ ನಮ್ಮ ಮೇಷ್ಟ್ರಷ್ಟು ದಡ್ಡರನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಗಾಡಿಯ ಮುಂದೆ ನಿಂತು, ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು, ಬೆರಳಿನಿಂದ ಟಕಟಕ ಬಾರಿಸಿ, ಕಣ್ಣು ಮುಚ್ಚಿ ಕೇಳಿ, ಕೊನೆಗೆ "ಇದು" ಎಂದು ಘನಗಂಭೀರವಾಗಿ ಎತ್ತಿಕೊಡುತ್ತಿದ್ದರು. ಮನೆಗೆ ಹೋಗಿ ಒಡೆದರೆ ಕೊಳೆತಿರುತ್ತಿತ್ತು. ಅಕ್ಕಪಕ್ಕದ ಗಿರಾಕಿಗಳು ಬುದ್ಧಿವಂತರು. "ಆ ಮೇಷ್ಟ್ರು ಬೇಡ ಅಂದ್ರಲ್ಲಪ್ಪ, ಆ ಕಾಯಿ ಕೊಡು" ಎನ್ನುತ್ತಿದ್ದರು.

ಇಂಥ ಮಹಾನುಭಾವರು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಏನೆಂದರೆ, ನೆಲಕ್ಕೆ ಬೋರು ಕೊರೆಸಿ, ಅದರೊಳಗೆ ಶಬ್ದ ಬಿಟ್ಟು, ಪಾತಾಳದ ಕಲ್ಲು ಗಟ್ಟಿಯೋ ಟೊಳ್ಳೋ ಎಂದು ಹೇಳುವುದು! ಆ ಕೆಲಸದಲ್ಲಿ ಮಾತ್ರ ಅವರು ಎಡವಿದ್ದನ್ನು ನಾನು ಕಾಣೆ. ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ಯಾರಾದರೂ ತೆಂಗಿನಕಾಯಿ ಬಾರಿಸಿದರೆ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ, ಗಾಡಿಯವನು ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ.

ಮೇಷ್ಟ್ರು ಎಂದೆನಲ್ಲ, ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುವ ಚಾಳಿ ಇತ್ತು, ಅಷ್ಟೇ. ಸಹಕಾರನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲಿದ್ದ ನಮ್ಮ ಮಣ್ಣು-ಕಲ್ಲು ಪರೀಕ್ಷೆಯ ಆಫೀಸಿಗೆ ನಾನು ಭೂವಿಜ್ಞಾನದ ಡಿಗ್ರಿ ಹಿಡಿದು ಸೇರಿದ ಮೊದಲ ದಿನವೇ ಕೈಗೆ ಖಾರದ ಬನ್ನು ಕೊಟ್ಟು ಪಾಠ ಶುರುಮಾಡಿದರು.

"ನೋಡಮ್ಮ, ಎರಡು ಬೋರು. ಒಂದರಲ್ಲಿ ಢಂ ಅನ್ನಿಸ್ತೀವಿ. ಇನ್ನೊಂದರಲ್ಲಿ ಮೈಕ್ ಇಳಿಬಿಟ್ಟು ಕೇಳಿಸ್ಕೊಳ್ತೀವಿ. ನಡುವೆ ಎಷ್ಟು ದೂರ ಅಂತ ಗೊತ್ತು. ಶಬ್ದ ಎಷ್ಟು ಹೊತ್ತಿಗೆ ಬಂತು ಅಂತ ಯಂತ್ರ ಹೇಳುತ್ತೆ. ಗಟ್ಟಿ ಕಲ್ಲಾದ್ರೆ, ಭಾನುವಾರ ಬೆಳಗ್ಗೆ ಏರ್‌ಪೋರ್ಟ್ ರೋಡಲ್ಲಿ ಕಾರು ಹೋದಂಗೆ ಝುಂಯ್ ಅಂತ ಬರುತ್ತೆ. ಬಿರುಕು ಬಿಟ್ಟ ಕಲ್ಲಾದ್ರೆ ಹೆಬ್ಬಾಳದ ಟ್ರಾಫಿಕ್. ಅರ್ಥ ಆಯ್ತಾ?"

ಅರ್ಥವಾಗಿತ್ತು. ಡಿಗ್ರಿಯಲ್ಲಿ ಅರ್ಥವಾಗದ್ದು ಬನ್ನಿನಲ್ಲಿ ಅರ್ಥವಾಗಿತ್ತು.

ಮನುಷ್ಯರನ್ನೂ ಅವರು ಕಲ್ಲಿನ ಹಾಗೆಯೇ ವಿಂಗಡಿಸುತ್ತಿದ್ದರು. ನಮ್ಮ ಆಫೀಸಿನ ಯಜಮಾನರು "ಅರೆ ಶಿಥಿಲ, ಜಾಸ್ತಿ ಭಾರ ಹಾಕಬಾರದು". ನನ್ನ ಬಗ್ಗೆ ಕೇಳಿದ್ದಕ್ಕೆ, "ನೀನಿನ್ನೂ ಮಣ್ಣು ಕಣಮ್ಮ, ಕಲ್ಲಾಗೋಕೆ ಟೈಮ್ ಬೇಕು." ಸಿಟ್ಟು ಬಂದು ಅವರ ಹೆಂಡತಿ ಯಾವ ಜಾತಿಯ ಕಲ್ಲು ಎಂದು ಕೇಳಿಬಿಟ್ಟೆ. ಸುತ್ತ ನೋಡಿ, ದನಿ ತಗ್ಗಿಸಿ, "ಅಲ್ಲಿ ಟೆಸ್ಟ್ ಮಾಡೋಕೆ ನನಗಿನ್ನೂ ಪರ್ಮಿಷನ್ ಸಿಕ್ಕಿಲ್ಲ" ಎಂದರು.

ಅವರ ದೊಡ್ಡ ಶತ್ರು ಗದ್ದಲ. ಮೈಕು ಬೋರಿನೊಳಗೆ ಇಳಿದ ಮೇಲೆ ಸುತ್ತಮುತ್ತ ಯಾರೂ ಉಸಿರಾಡಬಾರದು ಎಂಬುದು ಅವರ ಆಸೆ. ಬಲಗೈಯನ್ನು ಟ್ರಾಫಿಕ್ ಪೊಲೀಸನಂತೆ ಎತ್ತಿ "ಶ್ಶ್!" ಎಂದರೆ ನಾವೆಲ್ಲ ಇದ್ದಲ್ಲೇ ಗೊಂಬೆಗಳು. ಈ ಊರಲ್ಲಿ ಗದ್ದಲ ನಿಲ್ಲಿಸುವುದು ಸುಲಭವೇ? ಸೊಪ್ಪಿನ ಗಾಡಿಯ ಮೈಕು, ಯಲಹಂಕದ ವಿಮಾನ, ಎದುರು ಮನೆಯ ಕುಕ್ಕರು. ವಿಮಾನಕ್ಕೂ ಅವರು ಕೈ ಎತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕುಕ್ಕರಿನ ಮನೆಗೆ ಹೋಗಿ, "ಅಮ್ಮಾ, ಬೇಳೆ ಬೇಯೋಕೆ ಇನ್ನೆಷ್ಟು ವಿಷಲ್ ಇದೆ?" ಎಂದು ವಿನಯದಿಂದ ವಿಚಾರಿಸಿ ಬಂದದ್ದನ್ನೂ ನೋಡಿದ್ದೇನೆ.

ಒಮ್ಮೆ ಯಶವಂತಪುರದಲ್ಲಿ ಹೀಗೇ ಕೆಲಸ ನಡೆದಿತ್ತು. ಇನ್ನೇನು ರೀಡಿಂಗ್ ತಗೊಳ್ಳಬೇಕು, ಆಗ ಪಕ್ಕದ ಬೀದಿಯಿಂದ ತಮಟೆ ಬಾರಿಸುತ್ತ ಒಂದು ಹೆಣ ಬಂತು. ಹೂವಿನ ಪಲ್ಲಕ್ಕಿ, ಪಟಾಕಿ, ಕುಣಿಯುವ ಹುಡುಗರು, ಎಲ್ಲ ಇದ್ದದ್ದೇ. ಮೇಷ್ಟ್ರು ಅಭ್ಯಾಸಬಲದಿಂದ ರಸ್ತೆಗೆ ಓಡಿಹೋಗಿ ಕೈ ಎತ್ತಿಬಿಟ್ಟರು. ಇವತ್ತು ಮೇಷ್ಟ್ರಿಗೆ ಗೂಸಾ ಗ್ಯಾರಂಟಿ ಎಂದುಕೊಂಡೆ. ಆದರೆ ತಮಟೆ ನಿಂತಿತು. ಮೇಷ್ಟ್ರು ಸರಸರ ವಾಪಸ್ ಬಂದು, ಯಂತ್ರದ ಮುಂದೆ ತಲೆ ಬಗ್ಗಿಸಿ, ಕೈ ಕಟ್ಟಿ, ಪರದೆಯನ್ನೇ ನೋಡುತ್ತ ನಿಂತರು. ಅದನ್ನು ನೋಡಿ ಹೆಣ ಹೊತ್ತವರೂ ತಲೆ ಬಗ್ಗಿಸಿದರು. ಇಡೀ ಬೀದಿ ಮೌನ. ರೀಡಿಂಗ್ ಅದ್ಭುತವಾಗಿ ಬಂತು.

ಆಮೇಲೆ ಸತ್ತವರ ಮಗ ಕಣ್ಣೊರೆಸಿಕೊಳ್ಳುತ್ತ ಬಂದು ಕೈ ಮುಗಿದ. "ಸಾರ್, ನಮ್ಮಪ್ಪನಿಗೆ ಇಷ್ಟ್ ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ. ನಿಮಗೆ ಗೊತ್ತಿದ್ರಾ?"

ಬೇರೆ ಯಾರಾದರೂ ಆಗಿದ್ದರೆ ಹೌದಪ್ಪ ಎಂದು ಸುಮ್ಮನಾಗುತ್ತಿದ್ದರು. ನಮ್ಮವರು ಹೇಳಿದರು: "ಗೊತ್ತಿರ್ಲಿಲ್ಲಪ್ಪ. ಆದ್ರೆ ಬೆಳಗಿಂದ ಬರದೇ ಇದ್ದ ರೀಡಿಂಗು ಅವರಿಂದ ಬಂತು. ಪುಣ್ಯಾತ್ಮರು." ಆ ಹುಡುಗನಿಗೆ ಏನು ತಿಳಿಯಿತೋ, ತಿಥಿಗೆ ಕರೆದ. ಮೇಷ್ಟ್ರು ಹೋದರು, ವಡೆ ತಿಂದರು, ಬಡಿಸುತ್ತಿದ್ದವರಿಗೆ ಬೋರಿನೊಳಗೆ ಶಬ್ದ ಬಿಡುವುದು ಹೇಗೆಂದು ಪಾಠ ಹೇಳಿ ಬಂದರು.

ಸುಳ್ಳು ಹೇಳಲು ಬಾರದ ಈ ರೋಗ ಅವರಿಗೆ ದುಬಾರಿಯಾಗಿದ್ದು ಸಿಂಗಾಪುರದ ಕೆಲಸದಲ್ಲಿ. ನಮ್ಮ ಸಿಂಗಾಪುರ, ವಿದ್ಯಾರಣ್ಯಪುರದ ಪಕ್ಕದ್ದು. ಅಲ್ಲಿ ಮೇಷ್ಟ್ರು ಒಂದು ಮನೆ ಕಟ್ಟಿಸಿದ್ದರು. ಕಟ್ಟಿಸಿದ್ದರು ಎಂದರೆ, ಪ್ರತಿ ಗೋಡೆಗೂ ತಾವೇ ಪೈಪು ಹಿಡಿದು ನೀರುಣಿಸಿದ್ದರು. ಇಟ್ಟಿಗೆಯವನೊಂದಿಗೆ ಜಗಳ, ಸಿಮೆಂಟಿನವನೊಂದಿಗೆ ಜಗಳ, ಗಾರೆಯವನಿಗೆ ಪಾಠ. ಆ ಮನೆಯ ಗೋಡೆಯನ್ನು ಹೋಗುತ್ತ ಬರುತ್ತ ಹಸುವಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದರು. ಅದರ ಪಕ್ಕದಲ್ಲೇ ಖಾಲಿ ಜಾಗ. ಹಿಂದೆ ರಾಗಿ ಹೊಲವಾಗಿತ್ತು. ಅದರ ಯಜಮಾನರು ಊರಿನ ಹಳೆಯ ಮನೆತನದ ಗೌಡರು. ಅಪ್ಪ ರಾಗಿ ಬೆಳೆದ ಕಡೆ ಮಗ ಅಪಾರ್ಟ್‌ಮೆಂಟ್ ಬೆಳೆಸಲು ಹೊರಟಿದ್ದರು. ಕೆಳಗೆ ಕಾರು ನಿಲ್ಲಿಸಲು ಆಳವಾದ ಬೇಸ್‌ಮೆಂಟ್ ಬೇಕಿತ್ತು. ಅಲ್ಲಿರುವ ಕಲ್ಲು ಎಂಥದ್ದು ಎಂದು ನೋಡುವ ಕೆಲಸ ನಮ್ಮ ಆಫೀಸಿಗೆ ಬಂತು.

ಲೆಕ್ಕ ಸರಳ. ಶಬ್ದ ನಿಧಾನವಾಗಿ ಬಂದರೆ ಕಲ್ಲು ಒಡೆದದ್ದು, ಮಿಷನ್ನಿನಲ್ಲಿ ಕುಟ್ಟಿ ತೆಗೆಯಬಹುದು. ಬೇಗ ಬಂದರೆ ಅಖಂಡ ಬಂಡೆ, ಮದ್ದಿಟ್ಟು ಸಿಡಿಸಬೇಕು. ಸಿಡಿಸಿದರೆ ಪಕ್ಕದ ಮನೆ ಅಲ್ಲಾಡುತ್ತದೆ. ಪಕ್ಕದ ಮನೆ ಮೇಷ್ಟ್ರದ್ದು.

"ಈ ಕೆಲಸ ನಾನು ಮಾಡಬಾರದು ಸಾರ್, ನನ್ನ ಮನೆ ಪಕ್ಕದಲ್ಲೇ ಇದೆ" ಎಂದು ಅವರು ಯಜಮಾನರಿಗೆ ಹೇಳಿದರು. ಅರೆ ಶಿಥಿಲ ಯಜಮಾನರು "ಬೇರೆ ಯಾರಿದಾರೆ ಮೇಷ್ಟ್ರೇ, ನೀವೇ ನೋಡ್ಕೊಳ್ಳಿ" ಎಂದು ಜಾರಿಕೊಂಡರು. ಅಷ್ಟಕ್ಕೆ ಬಿಡದೆ ಮೇಷ್ಟ್ರು ಗೌಡರಿಗೂ ಹೇಳಿದರು, ಬೋರು ಕೊರೆಯುವ ಸೆಲ್ವನಿಗೂ ಹೇಳಿದರು, ಟೀ ಅಂಗಡಿಯವನಿಗೂ ಹೇಳಿದರು. "ಇದು ನನ್ನ ಮನೆ. ಕಲ್ಲು ಮೆತ್ತಗಿದ್ರೆ ನನಗೆ ಲಾಭ. ಗೊತ್ತಿರ್ಲಿ." ಟೀ ಅಂಗಡಿಯವನು "ಆಯ್ತು ಸಾರ್, ಸಕ್ಕರೆ ಹಾಕ್ಲಾ?" ಎಂದ.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅಮ್ಮನಿಗೆ ಕಲ್ಲಿನ ವಿಷಯ ಒಂದೇ ಗೊತ್ತಿದ್ದದ್ದು: ಶಬ್ದ ನಿಧಾನವಾಗಿ ಬರಬೇಕು. ಲೇಔಟಿನ ಆಂಜನೇಯನ ಗುಡಿಗೆ ಹೋಗಿ ಹರಕೆ ಹೊತ್ತರು. "ಸ್ವಾಮಿ, ನೀನು ಗಾಳಿ ದೇವರ ಮಗ, ನಿನಗೆ ಗೊತ್ತಿರೋದು ವೇಗ ಮಾತ್ರ. ಇದೊಂದು ಸಲ ಸ್ವಲ್ಪ ನಿಧಾನ ಮಾಡಪ್ಪ. ವಡೆ ಮಾಲೆ ಹಾಕಿಸ್ತೀನಿ."

ಕೆಲಸ ಶುರುವಾಯಿತು, ಜೊತೆಗೆ ರಾದ್ಧಾಂತವೂ. ಬೋರಿನಲ್ಲಿ ನೀರು ತುಂಬಿರದಿದ್ದರೆ ನಮ್ಮ ಯಂತ್ರಕ್ಕೆ ಕಲ್ಲಿನ ಶಬ್ದ ಕೇಳುವುದಿಲ್ಲ. ಬಿರುಬೇಸಿಗೆ. ಬೀದಿಯ ನಲ್ಲಿಗಳಲ್ಲಿ ಗಾಳಿ. ಮೇಷ್ಟ್ರು ಟ್ಯಾಂಕರ್ ತರಿಸಿದರು. ಟ್ಯಾಂಕರ್ ಸದ್ದು ಕೇಳಿ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿಬಂದರೆ, ಇವರು ನೀರನ್ನು ಪೈಪಿನಲ್ಲಿ ನೆಲದೊಳಗೆ ಬಿಡುತ್ತಿದ್ದಾರೆ!

"ಅಯ್ಯೋ ನಿಮ್ಮ ಮನೆ ಕಾಯ್ವೋಗ! ಊರೋರೆಲ್ಲಾ ಬೋರಿಂದ ನೀರ್ ತೆಗೀತಾರೆ, ಈವಯ್ಯ ಬೋರಿಗೇ ನೀರ್ ಹುಯ್ತಾವ್ನಲ್ಲಾ!"

"ಅಮ್ಮಾ, ಕೆಳಗೆ ಬಾಯಿ ಮುಚ್ಚಿದ ಪೈಪಿದೆ, ನೀರು ಎಲ್ಲೂ ಹೋಗಲ್ಲ. ಟೆಸ್ಟ್ ಆದ್ಮೇಲೆ ವಾಪಸ್ ತೆಗೆದುಕೊಡ್ತೀನಿ."

"ಯಾರಿಗ್ ಕಿವಿ ಮೇಲೆ ಹೂ ಇಡ್ತೀಯಾ?"

ಅಮ್ಮ ಮನೆಯ ಕಿಟಕಿಯಿಂದ ಇದೆಲ್ಲ ನೋಡಿ, "ಇವರು ನಮ್ಮನೆಯವರಲ್ಲ" ಎನ್ನುವಂತೆ ಪರದೆ ಎಳೆದುಕೊಂಡರು. ಆದರೆ ಮೇಷ್ಟ್ರು ಹೇಳಿದಂತೆಯೇ ಮಾಡಿದರು. ಪರೀಕ್ಷೆ ಮುಗಿದ ಮೇಲೆ ಸಣ್ಣ ಪಂಪು ಬಿಟ್ಟು ನೀರು ಎತ್ತಿಸಿ, ಬೈದ ಹೆಂಗಸರ ಕೊಡಗಳನ್ನೇ ಮೊದಲು ತುಂಬಿಸಿದರು. "ಕುಡಿಯೋಕಲ್ಲ, ಬಟ್ಟೆ ಒಗೆಯೋಕೆ" ಎಂದು ಪ್ರತಿ ಕೊಡಕ್ಕೂ ಹೇಳಿದರು.

ರೀಡಿಂಗ್ ಬಂದದ್ದು ನಿಧಾನ. ಅಮ್ಮನಿಗೆ ಈ ಸುದ್ದಿಯನ್ನು ನಾನೇ ಓಡಿಹೋಗಿ ಹೇಳಿದೆ. ಅವರು ನನ್ನನ್ನು ತಬ್ಬಿಕೊಂಡು, ಅವತ್ತೇ ಉದ್ದಿನಬೇಳೆ ನೆನೆಹಾಕಿ, ಮರುದಿನ ಆಂಜನೇಯನಿಗೆ ವಡೆ ಮಾಲೆ ಹಾಕಿಸಿಬಿಟ್ಟರು. ಗೌಡರಿಗೂ ಖುಷಿ, ಮದ್ದಿನ ಪರ್ಮಿಷನ್ನಿಗೆ ಅಲೆಯುವುದು ತಪ್ಪಿತು. ನಾವೆಲ್ಲ ಮೇಷ್ಟ್ರ ಮನೆಯ ಹಾಲಿನಲ್ಲಿ ಕೂತು ವಡೆ ತಿನ್ನುತ್ತಿದ್ದೆವು. ಮೇಷ್ಟ್ರು ಮಾತ್ರ ಒಂದು ವಡೆಯನ್ನು ಕೈಯಲ್ಲಿ ಹಿಡಿದುಕೊಂಡು ಕಾಗದ ನೋಡುತ್ತಿದ್ದರು.

"ಏನೋ ಸರಿ ಇಲ್ಲ ಕಣಮ್ಮ. ಕೆಳಗೆ ಹೋದಂಗೆ ಕಲ್ಲು ಗಟ್ಟಿಯಾಗ್ಬೇಕು. ಇಲ್ಲಿ ಮೆತ್ತಗಾಗ್ತಾ ಹೋಗ್ತಿದೆ. ಇದೇನು ಕಲ್ಲೋ ಮೈಸೂರು ಪಾಕೋ?"

"ಇರುತ್ತೆ ಬಿಡಿ ಸಾರ್" ಎಂದೆ ನಾನು, ಬಾಯಿ ತುಂಬ ವಡೆ ಇಟ್ಟುಕೊಂಡು.

"ಕಲ್ಲಿಗೆ ಸುಳ್ಳು ಹೇಳೋಕೆ ಬರಲ್ಲ. ಬೋರು ಕೊರೆಯೋನಿಗೆ ಬರುತ್ತೆ" ಎಂದು ಎದ್ದರು.

ಅವರ ತಲೆಗೆ ಹೊಳೆದದ್ದು ಇಷ್ಟು. ಎರಡು ಬೋರುಗಳ ನಡುವಿನ ದೂರವನ್ನು ನಾವು ಟೇಪು ಹಿಡಿದು ಅಳೆದದ್ದು ನೆಲದ ಮೇಲೆ. ಕೆಳಗೂ ಅಷ್ಟೇ ದೂರ ಎಂದು ನಂಬಿಕೊಂಡಿದ್ದೆವು. ಆದರೆ ಒಂದು ಬೋರು ಓರೆಯಾಗಿ ಇಳಿದಿದ್ದರೆ? ಕೆಳಗೆ ಹೋದಂತೆ ಎರಡೂ ದೂರ ದೂರವಾಗುತ್ತವೆ. ಪಾಪ, ಶಬ್ದ ಜೋರಾಗಿಯೇ ಓಡಿ ಬಂದಿರುತ್ತದೆ. ದಾರಿ ಉದ್ದವಾದದ್ದು ನಮಗೆ ಗೊತ್ತಿಲ್ಲದೆ ನಿಧಾನ ಎಂದು ಅದನ್ನು ಬೈದಿರುತ್ತೇವೆ.

ಸೆಲ್ವನನ್ನು ಕರೆದು ಕೇಳಿದರೆ ಅವನು ಎದೆ ಮುಟ್ಟಿಕೊಂಡ. "ಸ್ಟ್ರೈಟ್ ಸಾರ್! ನಮ್ಮ ಬೋರು ಧ್ವಜಸ್ತಂಭ ಸಾರ್!"

"ಕೊರೆಯೋ ರಿಗ್ಗಿನ ಒಂದು ಕಾಲಿನ ಕೆಳಗೆ ಇಟ್ಟಿಗೆ ಇಟ್ಟಿದ್ದೆಯಲ್ಲ, ಯಾಕೆ?"

"ಅದು... ನೆಲ ಸ್ವಲ್ಪ ತಗ್ಗಿತ್ತು ಸಾರ್. ಆಮೇಲೆ ಇಟ್ಟಿಗೆ ಪುಡಿ ಆಯ್ತು." ಅಷ್ಟು ಹೇಳಿ ಅವನು ಆಕಾಶ ನೋಡಿದ.

ಓರೆ ಅಳೆಯುವ ಉಪಕರಣ ನಮ್ಮ ಆಫೀಸಿನಲ್ಲಿರಲಿಲ್ಲ. ಆರ್.ಟಿ. ನಗರದ ಪರಿಚಯದವರೊಬ್ಬರಿಂದ ಕೇಳಿ ತಂದೆವು. ಮಾರುದ್ದದ ಉಕ್ಕಿನ ಕೊಳವೆ, ಆಟೋದ ಎರಡೂ ಕಡೆ ಚಾಚಿಕೊಂಡಿತ್ತು. ಹೆಬ್ಬಾಳದಲ್ಲಿ ಪೊಲೀಸ್ ತಡೆದ. "ಏನ್ರೀ ಇದು, ಫಿರಂಗಿನಾ?" ಎಂದ. "ಓರೆಕೋರೆ ಅಳೆಯೋದು" ಎಂದರು ಮೇಷ್ಟ್ರು. "ಹಂಗಾದ್ರೆ ಮೊದ್ಲು ಈ ಆಟೋ ಎಷ್ಟು ಓರೆ ನಿಂತಿದೆ ಅಳೀರಿ." ಮೇಷ್ಟ್ರು ಅದನ್ನು ನಿಜವೆಂದೇ ತಿಳಿದು ಕಟ್ಟು ಬಿಚ್ಚತೊಡಗಿದಾಗ ಅವನೇ ಹೆದರಿ "ಹೋಗಿ ಸಾಮಿ" ಎಂದು ಕಳಿಸಿದ.

ಮೇಷ್ಟ್ರು ಅದನ್ನು ತಮ್ಮ ಮನೆಯ ಗೇಟಿನೊಳಗೆ ತರುವಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತರು. "ದೇವರು ಕೊಟ್ಟ ರೀಡಿಂಗ್ ಮೇಲೆ ನಿಮ್ಮದೇನ್ರೀ ಅನುಮಾನ?"

"ದೇವರ ಮೇಲಲ್ಲ ಕಣೇ, ಸೆಲ್ವನ ಮೇಲೆ."

"ವಡೆ ಮಾಲೆ ಹಾಕಿಸಿ ಆಗಿದೆ. ಎಲ್ಲರೂ ತಿಂದೂ ಆಗಿದೆ. ಈಗ ಇಲ್ಲ ಅಂದ್ರೆ ಸ್ವಾಮಿ ಮುಖ ನಾನು ಹೆಂಗೆ ನೋಡ್ಲಿ?"

"ನಾನು ಬಂದು ಕ್ಷಮೆ ಕೇಳ್ತೀನಿ."

"ಮನೆ ಬಿದ್ದೋದ್ರೆ ಗೋಡೆ ಹತ್ರಾನೂ ಕ್ಷಮೆ ಕೇಳಿ!" ಎಂದು ಅಮ್ಮ ಒಳಗೆ ಹೋದರು. ಪಾತ್ರೆಗಳ ಸದ್ದು ಬೀದಿಗೆ ಕೇಳಿತು. ಆ ಸದ್ದು ನಿಲ್ಲುವ ತನಕ ಕಾದು ಆಮೇಲೆ ನಾವು ಕೆಲಸ ಶುರುಮಾಡಿದೆವು. ಓರೆ ಅಳೆಯಲು ಮೌನ ಬೇಕಿಲ್ಲ, ಆದರೂ ಮೇಷ್ಟ್ರು ಕಾದರು.

ಬೋರು ಓರೆಯಾಗಿತ್ತು. ಚೆನ್ನಾಗಿಯೇ ಓರೆಯಾಗಿತ್ತು. ಸರಿಯಾದ ದೂರ ಹಾಕಿ ಲೆಕ್ಕ ಮಾಡಿದರೆ ಶಬ್ದದ ವೇಗ ಸೆಕೆಂಡಿಗೆ ಐದು ಕಿಲೋಮೀಟರ್. ಬಿರುಕಿಲ್ಲದ ಒಂದೇ ಬಂಡೆ. ಗೌಡರ ಹೊಲದ ಕೆಳಗೆ, ಬೇಲಿಯ ಕೆಳಗೆ, ಮೇಷ್ಟ್ರ ಅಡುಗೆಮನೆಯ ಕೆಳಗೆ, ಎಲ್ಲ ಅದೇ. ಮೇಷ್ಟ್ರು ಲೆಕ್ಕವನ್ನು ನನ್ನ ಕೈಯಲ್ಲಿ ಇನ್ನೊಮ್ಮೆ ಮಾಡಿಸಿದರು. ಅವರಿಗೆ ನನ್ನ ಲೆಕ್ಕದಲ್ಲಾದರೂ ತಪ್ಪು ಸಿಗಲಿ ಎಂದು ಆಸೆಯಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೂ ಅದೇ ಆಸೆ. ತಪ್ಪು ಸಿಗಲಿಲ್ಲ.

ಗೌಡರು ಬಂದರು. "ಮೇಷ್ಟ್ರೇ, ಇಂಗ್ಯಾಕೆ ಮಾಡ್ತೀರಾ? ಮೊದ್ಲು ಬರ್ದಿದ್ದನ್ನೇ ಕೊಟ್ಬುಡಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು. ಯಾವನ್ ಬಂದು ಕೇಳ್ತಾನೆ?"

"ಮೆತ್ತಗಿದೆ ಅಂತ ನಾನು ಬರೆದ್ರೆ ಕಲ್ಲು ಮೆತ್ತಗಾಗಲ್ಲ ಗೌಡ್ರೇ. ನೀವು ಮಿಷನ್ ತರ್ತೀರಾ. ಅದರ ಮೂತಿ ಮುರಿಯುತ್ತೆ. ಸಾಕಾಗಿ ಒಂದಿನ ಯಾರನ್ನೋ ಕರ್ಕೊಂಡು ಬಂದು ಕದ್ದುಮುಚ್ಚಿ ಮದ್ದು ಇಡಿಸ್ತೀರಾ. ಆವಾಗ ನನ್ನ ಮನೆ ಒಂದೇ ಅಲ್ಲ, ಈ ಬೀದೀನೇ ಹಾರುತ್ತೆ. ಈಗ್ಲೇ ನಿಜ ಬರೆದ್ರೆ, ಪರ್ಮಿಷನ್ ತಗೊಂಡು, ಚೂರುಚೂರೇ ಮದ್ದು ಇಟ್ಟು, ಮೇಲೆ ಮರಳಿನ ಮೂಟೆ ಹೊದಿಸಿ ಸಿಡಿಸ್ತೀರಾ."

ಗೌಡರು ತಲೆ ಕೆರೆದುಕೊಂಡರು. "ಎಂಗಾದ್ರೂ ನಿಮ್ ಮನೇಗೆ ಏಟು ಬೀಳ್ತದಲ್ಲ ಮೇಷ್ಟ್ರೇ?"

"ಬೀಳುತ್ತೆ" ಎಂದರು ಮೇಷ್ಟ್ರು. ಯಾವತ್ತೂ ಅವರ ಬಾಯಿ ಮುಚ್ಚಿಸಲಾಗದ ನನಗೆ ಅವತ್ತು ಅವರು ಇನ್ನೇನಾದರೂ ಮಾತಾಡಲಿ ಎನಿಸಿತು.

ಅಮ್ಮ ಮಾತು ಬಿಟ್ಟರು. ಮನೆಯೊಳಗೆ ನಾನೇ ಟಪಾಲು. "ಅವರಿಗೆ ಹೇಳಮ್ಮ, ಕಾಫಿ ಟೇಬಲ್ ಮೇಲಿದೆ." ಮೇಷ್ಟ್ರು ಅಲ್ಲೇ ಕೂತಿರುತ್ತಿದ್ದರು. "ಅವರಿಗೆ ಹೇಳಮ್ಮ, ಸಕ್ಕರೆ ಇಲ್ಲ ಅಂತ." "ಹೇಳು, ಬೇಕು ಅಂತಾನೇ ಹಾಕಿಲ್ಲ ಅಂತ." ಮೇಷ್ಟ್ರು ಆ ಕಹಿ ಕಾಫಿಯನ್ನು ಪ್ರಸಾದದಂತೆ ಕುಡಿಯುತ್ತಿದ್ದರು. ಆಂಜನೇಯನ ಗುಡಿಗೆ ಒಬ್ಬರೇ ಹೋಗಿ ಕ್ಷಮೆಯನ್ನೂ ಕೇಳಿ ಬಂದರು. ಅರ್ಚಕರಿಗೆ ಓರೆ ಬೋರಿನ ಪಾಠ ಹೇಳಿ ಬಂದದ್ದು ಆಮೇಲೆ ತಿಳಿಯಿತು.

ಸಿಡಿಸುವ ದಿನ ಸೈರನ್ ಕೂಗಿತು, ಬೀದಿಯವರೆಲ್ಲ ಹೊರಗೆ ಬಂದು ದೂರ ನಿಂತೆವು. ಮರಳಿನ ಮೂಟೆ, ಹಳೆಯ ಟೈರು, ಮೇಲೆ ಬಲೆ, ಎಲ್ಲ ಮೇಷ್ಟ್ರು ಬರೆದುಕೊಟ್ಟಂತೆಯೇ ಇತ್ತು. ಅಮ್ಮ ಮಿಕ್ಸಿಯನ್ನು ಮಗುವಿನಂತೆ ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದರು. "ಧಡ್" ಎಂದಿತು, ಅಷ್ಟೇ. ನೆಲ ಒಮ್ಮೆ ಬಿಕ್ಕಳಿಸಿದ ಹಾಗಾಯಿತು. ಹುಡುಗರು "ಇಷ್ಟೇನಾ ಗುರು!" ಎಂದು ಬೇಜಾರು ಮಾಡಿಕೊಂಡರು. ಬೀದಿಯ ಬೇರೆ ಯಾರ ಮನೆಗೂ ಏನೂ ಆಗಲಿಲ್ಲ.

ಮೇಷ್ಟ್ರ ಹಾಲಿನ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಸೂರಿನವರೆಗೆ, ಒಂದು ಬಿರುಕು ಬಿಟ್ಟಿತ್ತು. ಮನೆಗೆ ಅಪಾಯವೇನಿರಲಿಲ್ಲ. ಆದರೆ ಮೇಷ್ಟ್ರು ಅದರ ಮುಂದೆ ನಿಂತು ಬೆರಳಿಟ್ಟು ಸವರಿದರು, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು. ಅವರ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಅಮ್ಮ ಗೋಡೆಯನ್ನೂ ನೋಡಿದರು, ಗಂಡನನ್ನೂ ನೋಡಿದರು, ಮಿಕ್ಸಿ ಕೆಳಗಿಟ್ಟು ಅಡುಗೆಮನೆಗೆ ಹೋದರು. ಅವತ್ತು ಕಾಫಿಗೆ ಸಕ್ಕರೆ ಇತ್ತು, ಆದರೆ ಗೋಡೆಯ ವಿಷಯ ಇಬ್ಬರೂ ಎತ್ತಲಿಲ್ಲ. ಆಮೇಲೆ ಕೂಡ ಎಂದೂ ಎತ್ತಲಿಲ್ಲ ಎಂದು ಅಮ್ಮ ಹೇಳಿದ್ದು ಹೋದ ವಾರ.

ಹೋದ ವಾರ, ಕರ್ಮಗಳೆಲ್ಲ ಮುಗಿದ ಮೇಲೆ, ಅಮ್ಮನನ್ನು ನೋಡಲು ಹೋಗಿದ್ದೆ. ಹಾಲಿನಲ್ಲಿ ನಾಲ್ಕಾರು ನೆಂಟರಿದ್ದರು. ಗೌಡರೂ ಬಂದು, ಕಿತ್ತಳೆ ಹಣ್ಣಿನ ಕವರು ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಏನು ಮಾತಾಡಬೇಕೆಂದು ತೋಚದೆ ಅವರು ಗೋಡೆ ನೋಡಿದರು. "ಅಮ್ಮಾ, ಇದಿನ್ನೂ ಅಂಗೇ ಐತಲ್ಲ! ನಾಳೇನೇ ನಮ್ ಗಾರೆಯವನ್ನ ಕಳಿಸ್ತೀನಿ. ಮುಚ್ಚಿ ಪೇಂಟ್ ಹೊಡ್ದು ಹೋಗ್ತಾನೆ, ಗೊತ್ತೇ ಆಗಲ್ಲ."

"ಬೇಡಪ್ಪ" ಎಂದರು ಅಮ್ಮ. "ಅದನ್ನ ಯಾರೂ ಮುಟ್ಟಬೇಡಿ."

ಗೌಡರಿಗೆ ಅರ್ಥವಾಗಲಿಲ್ಲ. ನೆಂಟರಿಗೂ ಆಗಲಿಲ್ಲ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಅವರು ಆ ಕಲ್ಲಿಗೆ ಎಷ್ಟು ವೇಗ ಅಂದಿದ್ರಮ್ಮ?"

"ಸೆಕೆಂಡಿಗೆ ಐದು ಕಿಲೋಮೀಟರ್."

ಅಮ್ಮ ಎದ್ದು ನಿಂತರು. ಬಿರುಕಿನ ಬುಡದಲ್ಲಿ ಬೆರಳಿಟ್ಟು ಎಲ್ಲರಿಗೂ ತೋರಿಸಿದರು.

"ಸೆಕೆಂಡಿಗೆ ಐದು ಕಿಲೋಮೀಟರು. ನೋಡ್ಕೊಳ್ಳಿ. ನಮ್ಮನೆಯವರು ಅಳೆದಿದ್ದು ಸರಿಯಾಗಿತ್ತು."